ಹೊಗೆ ನೋಡುವ ಬಟ್ಟೆ

ಒಗ್ಗರಣೆ ಮಂಡಕ್ಕಿಯ ವಾಸನೆ, ಬಸ್‌ಸ್ಟ್ಯಾಂಡಿನ ಕಡೆಯಿಂದ, ಅದರ ಬೆನ್ನಿಗೇ ಡೀಸೆಲ್ಲಿನದು, ಎರಡೂ ಮೂಗಿನಲ್ಲಿ ಕಲೆತು ಹಸಿವೋ ಸುಸ್ತೋ ತಿಳಿಯದೆ ಬಾನೆಟ್ಟಿನೊಳಗೆ ತಲೆಯಿಟ್ಟು ನಿಂತಿದ್ದೇನೆ, ಪಂಪಿನ ಪಕ್ಕದಲ್ಲಿ ಸೀಸದ ಸೀಲು, ಹುಣಸೆ ಬೀಜದಷ್ಟು, ಅದರಿಂದ ಹೊರಟ ತಂತಿ ಸ್ಕ್ರೂವಿನ ಕುತ್ತಿಗೆಗೆ ಸುತ್ತಿಕೊಂಡಿದೆ, ಹೋದ ತಿಂಗಳು ಬ್ರೇಕ್ ಇನ್‌ಸ್ಪೆಕ್ಟರು ಊರಿನ ಹಳೇ ಡೀಸೆಲ್ ಗಾಡಿಗಳಿಗೆಲ್ಲ ಹೀಗೇ ಒತ್ತಿಸಿದರು, ಇನ್ಮೇಲೆ ಇದನ್ನ ಮುಟ್ಟಂಗಿಲ್ಲ ನೋಡಪ್ಪ ಪಾಲಣ್ಣ, ಅಂದರು — ಸ್ಕ್ರೂ ಒಳಕ್ಕೆ ಹೋದರೆ ಡೀಸೆಲ್ ಕಡಿಮೆ, ಹೊಗೆಯಿಲ್ಲ, ಕಸುವೂ ಇಲ್ಲ, ಹೊರಕ್ಕೆ ಬಂದರೆ ಕಸುವು, ಹಿಂದೆಯೇ ಕರಿ ಹೊಗೆ, ಇಷ್ಟೇ ನನ್ನ ವಿದ್ಯೆ, ಎಫ್‌ಸಿ ತಪಾಸಣೆ ಬಂದಾಗ ಬಿಗಿ, ಎಫ್‌ಸಿ ಆದ ಮಾರನೇ ದಿನ ಸಡಿಲ, ವರ್ಷ ವರ್ಷ ಅದೇ, ನಿದ್ದೆಯಲ್ಲೂ ನನ್ನ ಮಣಿಕಟ್ಟು ತಿರುಗುತ್ತದೆ ಅಂತ ನನ್ನ ಹೆಂಡತಿ ಚೌಡಕ್ಕ ನಗುತ್ತಿದ್ದಳು, ನಕ್ಕರೆ ಕೆಮ್ಮು ಬಾರದಿದ್ದ ಕಾಲದಲ್ಲಿ. ಹೊಗೆ ನೋಡುವ ಬಟ್ಟೆಯೂ ಅವಳದೇ, ಹಳೇ ಬಿಳಿ ಸೀರೆಯ ತುಂಡು, ಒದ್ದೆ ಮಾಡಿ ಸೈಲೆನ್ಸರಿನ ಬಾಯಿಗೆ ಹಿಡಿಯೋದು, ಆಕ್ಸಿಲೇಟರ್ ತುಳಿಸೋದು, ನಡುವೆ ಗುಂಡಗೆ ಕಪ್ಪು ಮೂಡಿದರೆ ಇನ್ನೂ ಹೊಗೆಯಿದೆ ಅಂತ, ಸೀಲು ಬಿದ್ದ ದಿನ ಕಪ್ಪು ಮೂಡಲೇ ಇಲ್ಲ, ಬೂದಿ ಹಾಕಿ ಉಜ್ಜಿ ಹಳೇ ಕಲೆಗಳನ್ನೂ ತೆಗೆದಳು ಚೌಡಕ್ಕ, ಶೆಡ್ಡಿನ ಮೊಳೆಗೆ ಸಿಕ್ಕಿಸಿದಳು, ಮಲ್ಲಿಗೆಯಂಗೆ ಆಯ್ತು ನೋಡ್ರಿ.

ಏನ್ ಯೋಚ್ನೆ ಮಾಡ್ತೀಯೋ ಮಾರಾಯ, ಕತ್ತರಿಸಿ ಒಗಿ ಅದನ್ನ — ಗಾಡಿಯ ಯಜಮಾನ ನಾಗೇಂದ್ರಪ್ಪ, ಹಳೇ ಟೈರಿನ ಮೇಲೆ ಕೂತು, ಬಾಯಲ್ಲಿ ಎಲೆಯಡಿಕೆ. ಹೊನ್ನಾಳಿಯಿಂದ ಸೂರಗೊಂಡನಕೊಪ್ಪಕ್ಕೆ ಜನ ತುಂಬಿಕೊಂಡು ಹೋದನಂತೆ, ನ್ಯಾಮತಿ ದಾಟಿದ ಮೇಲಿನ ಏರಿನಲ್ಲಿ ಈ ಡಾಡ್ಜು ಕಾರು ನಿಂತೇಬಿಟ್ಟಿತಂತೆ, ಎಲ್ಲರೂ ಇಳಿದು ನಡೆದರಂತೆ, ಶಿವಗಂಗಮ್ಮ ಅನ್ನುವ ಮುದುಕಿ ಪಕ್ಕದಲ್ಲೇ ಕೋಲೂರಿಕೊಂಡು ಬರುತ್ತ, ಯಪ್ಪಾ ನಾಗೇಂದ್ರಪ್ಪ, ನಿನ್ ಕಾರಿಗೆ ಕಾಲು ನೋವಾದ್ರೆ ಹೇಳು, ನಾ ಎತ್ಕೊಂತೀನಿ, ಅಂದಳಂತೆ, ಹೇಳುತ್ತ ತಾನೇ ನಗುತ್ತಾನೆ, ನಗು ಅರ್ಧಕ್ಕೇ ನಿಲ್ಲುತ್ತದೆ. ಜನ ಮೆಟಡಾರ್ ಹತ್ತಾಕೆ ಶುರು ಮಾಡ್ಯಾರೆ ಕಣೋ, ಏರು ಹತ್ತದಿದ್ರೆ ಗುಜರಿಗೆ ಹಾಕಾದೇ, ದಾವಣಗೆರೆ ಗುಜರಿಯೋನು ಬಂದು ಸುತ್ತು ಹಾಕಿ ನೋಡ್ಕೊಂಡೂ ಹೋಗ್ಯಾನೆ. ಇನ್‌ಸ್ಪೆಕ್ಟ್ರು ಕೇಳಿದ್ರೆ? ಅಂದೆ. ಇಲಿ ಕಡೀತು ಅಂತೀನಿ ಬಿಡೋ. ಸೀಸ ತಿನ್ನೋ ಇಲಿ! — ಗುಜರಿ, ಈ ಡಾಡ್ಜು, ಇದರ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ಲಿನದು ಕೂರಿಸಿದ್ದೇ ನಾನು, ಜಗಳೂರಿನಾಚೆ ಸೊಕ್ಕೆಯಿಂದ ಚೌಡಕ್ಕನನ್ನು ಮದುವೆ ಮಾಡಿಕೊಂಡು ಕರೆತಂದದ್ದೂ ಇದರಲ್ಲೇ, ದಾರಿಯುದ್ದಕ್ಕೂ ಬಾಸಿಂಗ ಮಡಿಲಲ್ಲಿಟ್ಟುಕೊಂಡು ಕಿಟಕಿಗೆ ಮೂಗು ಹಚ್ಚಿದ್ದಳು, ಈ ವಾಸ್ನೆ ಚೆನ್ನಾಗೈತೆ ಕಣ್ರೀ, ನಿಮ್ ಅಂಗೀನೂ ಹಿಂಗೇ ಬರ್ತೈತೆ.

ಈಗ ಆ ವಾಸನೆಯೇ ಅವಳ ಎದೆಗೆ ಆಗದು. ಶೆಡ್ಡಿನ ಹಿಂದಿನ ಗೋಡೆಯೇ ನಮ್ಮ ಅಡುಗೆಮನೆಯ ಗೋಡೆ, ಗಾಡಿಗಳ ಬೆನ್ನೆಲ್ಲ ಅತ್ತಲೇ, ಗೋಡೆಯ ಮೇಲೆ ಗುಂಡು ಗುಂಡಗೆ ಮಸಿ, ಸುಣ್ಣ ಬಳಿದರೂ ಮತ್ತೆ ಇಣುಕುತ್ತದೆ, ದಾವಣಗೆರೆ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಹೊಗೆಯಿಂದ ದೂರ ಇಡ್ರಿ ಇವರನ್ನ, ಇಲ್ಲಾಂದ್ರೆ ಕಷ್ಟ ಐತೆ, ಅಂದದ್ದಕ್ಕೆ ಇವಳು, ದೂರ ಅಂದ್ರೆ ಎಲ್ಲಿಗ್ರೀ, ತೌರಿಗೇ? ಈ ವಯಸ್ನಾಗೆ ಯಾರು ಕರ್ಕೊಂತಾರೆ? — ಆಮೇಲೆ ಸೀಲು ಬಂತು, ಯಾರಿಗೂ ಹೇಳಲಿಲ್ಲ, ನಾನು ಒಳಗೊಳಗೇ ಕೈ ಮುಗಿದೆ, ಆವತ್ತಿನಿಂದ ಒಂದು ಕೆಮ್ಮು ಕೇಳಿಲ್ಲ, ಗೋಡೆಗೆ ಕಿವಿಯಿಟ್ಟರೂ ಇಲ್ಲ, ಪಾತ್ರೆಯ ಸದ್ದು ಮಾತ್ರ, ಎದೆ ಹಗುರಾಯಿತೇನೆ ಅಂದರೆ ಹೂಂನ್ರಿ ಅನ್ನುತ್ತಾಳೆ, ಇದೊಂದು ಬಿಚ್ಚಿಕೊಟ್ಟರೆ ನಾಳೆ ಜೀಪಿನವರು, ನಾಡಿದ್ದು ಲಾರಿಯವರು, ನಾಗೇಂದ್ರಪ್ಪಂಗೆ ಆಗ್ತೈತೆ ನಮಗಾಗಲ್ವೇನೋ ಅಂತ, ಮತ್ತೆ ಅದೇ ಗೋಡೆ, ಆಗಲ್ಲ ಅನ್ನಬೇಕು, ಅನ್ನಲು ಬಾಯಿ ತೆರೆದಾಗ ಅವಳೇ ಬಾಗಿಲಲ್ಲಿ. ಬಿಚ್ಚಿ ಕೊಡ್ರಿ ಪಾಪ, ನನ್ನ ಸವತಿನ ಗುಜರಿಗೆ ಹಾಕಾಕೆ ಹೊಂಟಾರಲ್ಲ, ನನಗೇನಾಗೈತೆ, ಕೆಮ್ಮೆಲ್ಲಿ ಐತೆ ಈಗ? ಕೇಳಿದೇನೋ, ಹೆಂಡ್ತಿಗಿರೋ ಕರುಣೆ ನಿನಗಿಲ್ಲ, ಅನ್ನುತ್ತಾನೆ ನಾಗೇಂದ್ರಪ್ಪ, ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋಗಿದ್ದಾಳೆ, ಬೇಗ ಹೋದಳು, ಅಷ್ಟು ಬೇಗ ಯಾಕೆ.

ಇಕ್ಕಳದಲ್ಲಿ ತಂತಿ ಟಿಕ್ಕೆಂದಿತು, ಅಷ್ಟೇ ಸದ್ದು, ಸೀಸ ಎಣ್ಣೆಯೊಳಗೆ ಬಿತ್ತು, ಮಣಿಕಟ್ಟು ತಾನಾಗಿ ತಿರುಗಿತು, ಹೊರಕ್ಕೆ, ಇನ್ನಷ್ಟು, ತುಳಿ ನಾಗೇಂದ್ರಪ್ಪ ಅಂದೆ, ಡಾಡ್ಜು ಹಳೇ ದನಿಯಲ್ಲಿ ಗುಡುಗಿತು, ಆಹಾ ಬಂತು ನೋಡೋ ಜೀವ, ಹೊಗೆ ಗೋಡೆಗೆ, ಬಟ್ಟೆಯಲ್ಲಿ ನೋಡಬೇಕು ಎಷ್ಟು ಕಪ್ಪು ಅಂತ, ಮೊಳೆಯಲ್ಲಿ ಬಟ್ಟೆಯಿಲ್ಲ, ಬರಿ ಮೊಳೆ, ಸೀಲು ಬಿದ್ದ ಮೇಲೆ ಅದರ ಕೆಲಸವೇ ಇರಲಿಲ್ಲ, ನಾನು ಅತ್ತ ನೋಡಿಯೇ ಇಲ್ಲ, ಚೌಡಿ, ಬಟ್ಟೆಯೆಲ್ಲೇ ಅನ್ನುತ್ತ ಹಿಂದೆ ಹೋದರೆ ಒರಳುಕಲ್ಲಿನ ಮೇಲೆ ಕೂತಿದ್ದಾಳೆ, ಬೆನ್ನು ಕುಲುಕುತ್ತಿದೆ, ಸದ್ದಿಲ್ಲ, ಎರಡೂ ಕೈಯಲ್ಲಿ ಬಟ್ಟೆ ಉಂಡೆ ಮಾಡಿ ಬಾಯಿಗೆ ಒತ್ತಿದ್ದಾಳೆ, ಈ ತಿಂಗಳೆಲ್ಲ ನನಗೆ ಕೇಳದಿದ್ದ ಕೆಮ್ಮು, ನಾನು ಕೈಮುಗಿದದ್ದು — ನನ್ನನ್ನು ಕಂಡು ಇಳಿಸಿದಳು, ಮಡಚಲು ನೋಡಿದಳು, ಮಡಚಲಾಗಲಿಲ್ಲ, ಅತ್ತ ನಾಗೇಂದ್ರಪ್ಪ ತುಳಿಯುತ್ತಲೇ ಇದ್ದಾನೆ, ಕೂಗುತ್ತಿದ್ದಾನೆ, ಪಾಲಣ್ಣಾ, ಕಪ್ಪು ಬಂತೇನೋ, ಬಂತಾ, ಅವಳ ಮಡಿಲಲ್ಲಿ ಬಿಳಿ ಬಟ್ಟೆ, ಬಾಯಿಗೆ ಒತ್ತಿದ್ದ ಕಡೆ, ನಡುವೆ ಗುಂಡಗೆ ಕಪ್ಪು, ಬಂತೇನೋ ಪಾಲಣ್ಣಾ, ಬಿಳಿ ಬಟ್ಟೆ, ನಡುವೆ, ಗುಂಡಗೆ