ನಾಲ್ಕನೆಯ ಪ್ರಶ್ನೆ

ಪೊಲೀಸ್ ಠಾಣೆಯಲ್ಲಿ ತಪ್ಪೊಪ್ಪಿಗೆಗಳನ್ನು ಟೈಪು ಮಾಡುವಾಗ ನಾನು ಅರ್ಥದ ಗೊಡವೆಗೆ ಹೋಗುವುದಿಲ್ಲ. ಹೋದರೆ ಬೆರಳು ತಪ್ಪುತ್ತದೆ. ಆದರೆ ಆ ಮಧ್ಯಾಹ್ನ ಹೆಡ್‌ಫೋನಿನಲ್ಲಿ ರೆಕಾರ್ಡಾಗಿ ಬಂದ ಒಂದು ದನಿ ನನ್ನ ಕೈಯನ್ನು ಹಿಡಿದು ನಿಲ್ಲಿಸಿತು.

ದನಿ ಆಸ್ಪತ್ರೆಯ ಔಷಧ ಉಗ್ರಾಣ ನೋಡಿಕೊಳ್ಳುವವನದು. ಇಪ್ಪತ್ತೆರಡು ವರ್ಷ ಸೊಂಟಕ್ಕೆ ಕೀಲಿಗೊಂಚಲು ಕಟ್ಟಿಕೊಂಡೇ ಓಡಾಡಿದ್ದರಿಂದ ಎಲ್ಲರಿಗೂ ಆತ ಬೀಗದಣ್ಣ. ಉಗ್ರಾಣದಿಂದ ಚುಚ್ಚುಮದ್ದಿನ ಪೆಟ್ಟಿಗೆಗಳು ಕಾಣೆಯಾಗಿದ್ದವು. ಬೆಳಗ್ಗೆ ಅವನನ್ನು ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸಿದರು. ಊಟದ ಹೊತ್ತಿಗೆ ಒಪ್ಪಿಕೊಂಡುಬಿಟ್ಟಿದ್ದ. ನಾಲ್ಕು ಗಂಟೆಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಅಷ್ಟರೊಳಗೆ ನಾನು ಹೇಳಿಕೆ ಮುಗಿಸಬೇಕು, ಅವನು ಸಹಿ ಹಾಕಬೇಕು. ಸಹಿ ಬಿದ್ದರೆ ಅವನು ಮನೆಗೆ ಹೋಗುವ ಹಾಗಿಲ್ಲ.

"ಪೆಟ್ಟಿಗೆಗಳನ್ನು ಹಿಂದಿನ ಬಾಗಿಲಿನಿಂದ..." ಎನ್ನುವಷ್ಟರಲ್ಲಿ ಅಲ್ಲಿ ಯಾರೋ ಕೆಮ್ಮಿದರು. ಬೀಗದಣ್ಣ ತಡೆದ. ಮತ್ತೆ ಶುರು ಮಾಡಿದ: "ಪೆಟ್ಟಿಗೆಗಳನ್ನು ಹಿಂದಿನ ಬಾಗಿಲಿನಿಂದ ಹೊರಗೆ ಸಾಗಿಸಿದೆ."

ಅಪ್ಪ ದಿನಾ ಬೆಳಗ್ಗೆ ಪದ್ಯ ವಾಚಿಸುವಾಗ ಹಾಲಿನವನು ಕೂಗಿದರೆ ಹೀಗೆಯೇ ಸಾಲಿನ ತಲೆಗೆ ಹಿಂತಿರುಗುತ್ತಿದ್ದರು. ಬಾಯಿಪಾಠ ಮಾಡಿದವರಿಗೆ ನಡುವಿನಿಂದ ಎತ್ತಿಕೊಳ್ಳಲು ಬಾರದು. ಕಣ್ಣಾರೆ ಕಂಡದ್ದನ್ನು ಹೇಳುವವರು ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ. ಮಾತು ಬದಲಾಗುತ್ತದೆ, ವಿಷಯ ಬದಲಾಗುವುದಿಲ್ಲ.

ಇವನಿಗೆ ಹೇಳಿಕೊಟ್ಟವರು ಯಾರು? ನನ್ನ ಅನುಮಾನ ನೇರ ಇನ್‌ಸ್ಪೆಕ್ಟರ ಮೇಲೆ ಹೋಯಿತು. ಮನುಷ್ಯ ಕೆಟ್ಟವರಲ್ಲ, ಆದರೆ ಅವಸರದವರು. ಕಡತ ತೆರೆದೆ. ಉಗ್ರಾಣದ ನಕ್ಷೆ ಸಿಕ್ಕಿತು. ಸರಳು ಹಾಕಿದ ಒಂದು ಕಿಟಕಿ, ಮುಂದೆ ಒಂದು ಬಾಗಿಲು. ಹಿಂದೆ ಬರೀ ಗೋಡೆ.

ನಕ್ಷೆಯ ಕೆಳಗಿತ್ತು ಯಂತ್ರದ ಪ್ರಶ್ನೆಪಟ್ಟಿ. ನಾಲ್ಕನೆಯದು: "ಪೆಟ್ಟಿಗೆಗಳನ್ನು ಹಿಂದಿನ ಬಾಗಿಲಿನಿಂದ ಹೊರಗೆ ಸಾಗಿಸಿದ್ದು ನೀವೇನಾ?"

ಆ ಸಾಲನ್ನು ಮತ್ತೊಮ್ಮೆ ಓದಿದೆ. ಪಟ್ಟಿ ನಾನೇ ಟೈಪು ಮಾಡಿದ್ದು. ನಮ್ಮಲ್ಲಿ ಹೊಸ ಪಟ್ಟಿಯನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ಹಳೆಯದನ್ನು ತೆರೆದು ಬೇಕಾದಷ್ಟು ಬದಲಿಸುತ್ತೇವೆ. ಇದಕ್ಕೆ ಮುಂಚಿನದು ಸಿಮೆಂಟು ಗೋದಾಮಿನ ಕಳ್ಳತನ. 'ಮೂಟೆ' ಇದ್ದಲ್ಲಿ 'ಪೆಟ್ಟಿಗೆ' ಮಾಡಿದ್ದೆ. 'ಹಿಂದಿನ ಬಾಗಿಲು' ಹಾಗೇ ಉಳಿದಿತ್ತು. ಪರೀಕ್ಷೆಗೆ ಮುಂಚೆ ಪ್ರಶ್ನೆಗಳನ್ನೆಲ್ಲ ಕೂತವನಿಗೆ ಎರಡು ಮೂರು ಸಲ ಓದಿ ಹೇಳುವುದು ಕ್ರಮ, ಅವನು ಬೆಚ್ಚಬಾರದೆಂದು. ಬೀಗದಣ್ಣ ಒಪ್ಪಿಸಿದ್ದು ನನ್ನ ಸಾಲನ್ನು.

'ಹಿಂದಿನ' ಎಂಬ ಒಂದು ಮಾತನ್ನು ಪಟ್ಟಿ, ಹೇಳಿಕೆ ಎರಡರಲ್ಲೂ ಅಳಿಸಿದರೆ ನಾನು ಬಚಾವು. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವನು ಒಂದು ತಾರೀಖು ತಪ್ಪಿದ್ದಕ್ಕೆ ಕೆಲಸ ಕಳೆದುಕೊಂಡಿದ್ದ. ದೇವರೇ ಎಂದೆ. ಎರಡೂ ಹಾಳೆಗಳ ಜೊತೆ ನಕ್ಷೆಯನ್ನೂ ಹಿಡಿದು ಎದ್ದೆ.

ಇನ್‌ಸ್ಪೆಕ್ಟರ ಕೋಣೆಯಲ್ಲಿ ಯಂತ್ರದ ಪರೀಕ್ಷಕರೂ ಇದ್ದರು, ಚಹಾ ಕುಡಿಯುತ್ತ.

"ಸಾರ್, ಇದರಲ್ಲಿ ನನ್ನದೊಂದು ತಪ್ಪಾಗಿದೆ."

"ತಿದ್ದಿ ತನ್ನಿ ತಾಯಿ. ನಾಲ್ಕಕ್ಕೆ ಕೋರ್ಟಲ್ಲಿರಬೇಕು, ತಲೆ ತಿನ್ನಬೇಡಿ."

"ತಿದ್ದೋ ಅಂಥದ್ದಲ್ಲ ಸಾರ್. ಉಗ್ರಾಣಕ್ಕೆ ಹಿಂದಿನ ಬಾಗಿಲೇ ಇಲ್ಲ."

ಎಲ್ಲ ಹೇಳಿದೆ. ಇನ್‌ಸ್ಪೆಕ್ಟರು ನಕ್ಷೆ ನೋಡಿದರು. ಆಮೇಲೆ ನನ್ನನ್ನು, ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಬೀಗದಣ್ಣ ನಿಮಗೇನಾಗಬೇಕು?"

"ಏನೂ ಆಗಬೇಕಿಲ್ಲ."

"ಅವನ ಹೆಂಡತಿ ಬೆಳಗ್ಗಿಂದ ನಿಮ್ಮ ಕೋಣೆ ಮುಂದೇನೇ ಕೂತಿದ್ಳಲ್ಲ. ಏನು ಕೇಳಿದ್ಳು?"

"ನೀರು ಕೇಳಿದ್ರು. ಕೊಟ್ಟೆ."

"ಬರೀ ನೀರಾ?"

"ಅನುಮಾನ ಇದ್ರೆ ನನ್ನನ್ನೂ ಆ ಕುರ್ಚೀಲಿ ಕೂರಿಸಿ ಸಾರ್."

ಪರೀಕ್ಷಕರು ನಕ್ಕರು. "ಕೂರಿಸೋಣ. ಪ್ರಶ್ನೆಪಟ್ಟಿ ಯಾರು ಟೈಪ್ ಮಾಡ್ತಾರೆ ಮೇಡಂ?"

ಇನ್‌ಸ್ಪೆಕ್ಟರು ನಗಲಿಲ್ಲ. ಬೀಗದಣ್ಣನನ್ನು ಕರೆಸಿದರು. ಅವನ ಬೆರಳುಗಳ ಮೇಲೆ ಯಂತ್ರದ ತಂತಿಪಟ್ಟಿ ಬಿಗಿದ ಗುರುತು ಇನ್ನೂ ಇತ್ತು.

"ನಿಮ್ಮ ಉಗ್ರಾಣಕ್ಕೆ ಎಷ್ಟು ಬಾಗಿಲಯ್ಯಾ?"

"ಒಂದೇ ಸಾರ್." ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಕೀಲಿಗಳಿರಲಿಲ್ಲ.

"ಪೆಟ್ಟಿಗೆ ಹೇಗೆ ಸಾಗಿಸಿದೆ?"

"ಪೆಟ್ಟಿಗೆಗಳನ್ನು ಹಿಂದಿನ ಬಾಗಿಲಿನಿಂದ ಹೊರಗೆ ಸಾಗಿಸಿದೆ."

"ಎಲ್ಲಿದೆ ಆ ಬಾಗಿಲು?"

ಬೀಗದಣ್ಣ ಪರೀಕ್ಷಕರ ಕಡೆ ತಿರುಗಿದ. ಬೇಡಿಕೊಳ್ಳುವ ಹಾಗಿತ್ತು ಮುಖ. "ಅದೇ ನನಗೂ ಹೊಳೀತಿಲ್ಲ ಸಾರ್. ಆದ್ರೆ ನಾನು ಇಲ್ಲ ಅಂದಾಗ ಮೂರು ಸಲಾನೂ ಯಂತ್ರದಲ್ಲಿ ಗೆರೆ ಎದ್ದಿದೆ ಅಂದ್ರಲ್ಲ ಇವರು? ಯಂತ್ರ ಯಾಕೆ ಸುಳ್ಳು ಹೇಳುತ್ತೆ? ನಾನೇ ಮರೆತಿರಬೇಕು."

ಪರೀಕ್ಷಕರು ಲೋಟ ಕೆಳಗಿಟ್ಟರು.

ಇನ್‌ಸ್ಪೆಕ್ಟರು ಅರ್ಧ ಟೈಪಾಗಿದ್ದ ಹೇಳಿಕೆಗೆ ಅಡ್ಡ ಗೀಟು ಎಳೆದು ಅದನ್ನು ಮೇಜಿನ ಖಾನೆಗೆ ತಳ್ಳಿದರು. "ಹೆಂಡತಿ ಹೊರಗಿದಾಳೆ. ಮನೆಗೆ ಹೋಗು. ಕರೆದಾಗ ಬಾ."

ಅವನು ಹೋಗಲು ಹಿಂಜರಿದ. ಬಾಗಿಲ ತನಕ ಹೋಗಿ, "ನಿಜವಾಗ್ಲೂ ಹೋಗಬಹುದಾ?" ಎಂದು ಕೇಳಿದ. ಅವನೇ ತನ್ನನ್ನು ನಂಬುತ್ತಿರಲಿಲ್ಲ.

ಇನ್‌ಸ್ಪೆಕ್ಟರು ನನ್ನತ್ತ ಬೆರಳು ಮಾಡಿದರು. "ನಾಳೆ ಬೆಳಗ್ಗೆ ಲಿಖಿತ ವಿವರಣೆ ಕೊಡಿ. ಕೆಲಸದ ವಿಷಯ ಮೇಲಿನವರು ನೋಡ್ಕೋತಾರೆ. ಒಂದು ಮಾತು ಹೇಳಿಬಿಡ್ತೀನಿ, ನಿಮ್ಮ ಮೇಲೆ ನನಗಿನ್ನೂ ಅನುಮಾನ ಇದೆ."

"ನನಗೂ ಇದೆ ಸಾರ್," ಎಂದೆ.

ಕೋಣೆಗೆ ಬಂದು ಕಪಾಟು ತೆರೆದೆ. ಸಿಮೆಂಟು ಗೋದಾಮಿನವನು ಜೈಲು ಸೇರಿ ನಾಲ್ಕು ತಿಂಗಳು. ಅವನೂ ಯಂತ್ರದಿಂದ ಎದ್ದು ಬಂದೇ ಒಪ್ಪಿಕೊಂಡದ್ದು, ಮೂಟೆಗಳನ್ನು ಹಿಂದಿನ ಬಾಗಿಲಿನಿಂದ ಸಾಗಿಸಿದೆ ಎಂದು. ಆ ಪಟ್ಟಿಯನ್ನು ಕೂಡ ನಾನು ಇನ್ನೊಂದು ಹಳೆಯ ಪಟ್ಟಿಯ ಮೇಲೆಯೇ ಕೂರಿಸಿದ್ದೆ.

ಧೂಳು ಒರೆಸಿ, ಗೋದಾಮಿನ ನಕ್ಷೆಗಾಗಿ ಕಡತವನ್ನು ಮೊದಲ ಹಾಳೆಯಿಂದ ತಿರುವಲು ಕೂತೆ.