ಗಡಗಡ ಅನ್ನುವ ಹಿತ್ತಾಳೆ ತಗಡು

ನಮ್ಮ ಯಜಮಾನರ ಮೋಟಾರಿನ ಹುಚ್ಚಿಗೆ ಮದ್ದಿಲ್ಲ. ಭಾಲ್ಕಿಯಲ್ಲಿ ಯಾರೂ ಕಾಣದ ಮೋಟಾರು ಸಾಲದೆಂದು ಅದಕ್ಕೆ ಶೃಂಗಾರ ಬೇರೆ! ಎಂಜಿನ್ನಿನ ಹಿಂದೆ, ಕೂಡುವ ಜಾಗಕ್ಕೆ ಅಡ್ಡವಾಗಿ ಒಂದು ಕಬ್ಬಿಣದ ಗೋಡೆ ಇರುತ್ತದಲ್ಲ, ಅದು ಬೋಳಾಗಿ ಕಾಣುತ್ತದಂತೆ. ಬಳ್ಳಿ ಕೆತ್ತಿದ ಹಿತ್ತಾಳೆ ತಗಡು ಅದಕ್ಕೆ ಹೊದಿಸಲು ಬೀದರಿನಿಂದ ಸುಭಾನ ಮಿಸ್ತ್ರಿಯನ್ನು ಕರೆಸಿದ್ದರು.

ಆತ ಬಂದ ಮೇಲೆ ಪೊಲೀಸ್ ಆಕ್ಷನ್ ಆಗಿ ನವಾಬರ ರಾಜ್ಯ ಮುಗಿಯಿತು. ನವಾಬರ ಕಡೆಯ ರಜಾಕಾರ ದಂಡಿನ ಕಾಟ ತಪ್ಪಿತೆಂದು ನಾನೂ ದೇವರಿಗೆ ಕಾಯಿ ಒಡೆಸಿದೆ. ಆದರೆ ಆ ಸಿಟ್ಟನ್ನು ಕೆಲವರು ದಾರಿಯಲ್ಲಿ ಸಿಕ್ಕ ಬಡ ಮುಸಲ್ಮಾನರ ಮೇಲೆ ತೀರಿಸಿಕೊಳ್ಳತೊಡಗಿದರು. ಬೀದರಿನಲ್ಲಿ ಸುಭಾನನ ಹೆಂಡತಿ ಮುನ್ನಿಬೀ ಒಬ್ಬಳೇ, ಅದೂ ತುಂಬು ಬಸುರಿ. ಊಟಕ್ಕೆ ಕರೆದರೂ ಆತ ಬೀದರಿನ ದಾರಿ ನೋಡುತ್ತ ಕೂಡುತ್ತಿದ್ದ.

ನಮ್ಮವರಿಗೆ ಅದರ ಖಬರೇ ಇಲ್ಲ! ಒಂದು ದಿನ ಬಳ್ಳಿ ಸೊಟ್ಟ ಅಂದರು. ಮರುದಿನ ವೈರಿನ ತೂತು ದೊಡ್ಡದು ಅಂದರು. ಮತ್ತೆ ಬಿಚ್ಚು, ಮತ್ತೆ ಬಡಿ.

"ಮನಷ್ಯಾರ ಹೌದಿಲ್ಲೋ ನೀವು? ಅಂವನ ಜೀವ ಅಲ್ಲಿ ಹೆಂಡ್ತಿ ಹಂತ್ಯಾಕ ಅದ. ಸುಡ್ರಿ ನಿಮ್ಮ ಹಿತ್ತಾಳಿ!" ಎಂದೆ.

"ನಿನಗೇನ ತಿಳೀತದ ಮೋಟಾರಿಂದು? ಸುಮ್ನ ಕೂಡು."

ಆ ಸಂಜೆ ಸುಭಾನನೇ ಬಂದು, "ಅವ್ವಾರೆ, ಇನ್ನ ತಡಿಯಾಂಗಿಲ್ರಿ. ನಾಳಿ ನಸಕಿನ್ಯಾಗ ಹೊಲದಾಗಿಂದ ನಡಕೋತ ಹೋಗ್ತೇನ್ರಿ," ಎಂದ. ಗುಂಪಿನವರ ಕೈಗೆ ಸಿಕ್ಕರೆ ಕೊಂದೇಬಿಡುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ರಾತ್ರಿ ನಮ್ಮವರಿಗೆ ಹೇಳಿದರೆ ಹೂಂ ಎಂದು ಮಗ್ಗುಲಾದರು.

ಬೆಳಗ್ಗೆ ಅಂಗಳಕ್ಕೆ ಬಂದು ನೋಡುತ್ತೇನೆ, ನಮ್ಮವರು ಪಾನಾ ಹಿಡಿದು ಸುಭಾನ ಬಿಗಿದ ಬೋಲ್ಟುಗಳನ್ನು ತಾವೇ ಸಡಿಲಿಸುತ್ತಿದ್ದಾರೆ! ನನ್ನ ಪಿತ್ತ ನೆತ್ತಿಗೇರಿತು.

"ಬೈಯೋದು ದಾರ್ಯಾಗ ಬೈ. ಹತ್ತು, ಬೀದರಕ ಹೋಗೋಣು," ಎಂದರು.

ಸುಭಾನ ಮುಂದೆ ಕೂತ, ನಾನು ಹಿಂದೆ. ದಾರಿಯುದ್ದಕ್ಕೂ ತಗಡು ಗಡಗಡ. ನನ್ನ ಬಾಯಿಯೂ ನಿಲ್ಲಲಿಲ್ಲ. ಹಳ್ಳದ ತಿರುವಿನಲ್ಲಿ ಬಡಿಗೆ ಹಿಡಿದ ಗುಂಪೊಂದು ಅಡ್ಡ ನಿಂತಿತು.

"ಯಾರಂವ? ಹೆಸರೇನು?"

ಸುಭಾನ ಬಾಯಿ ತೆರೆದ. ನಮ್ಮವರು ಅವನಿಗೆ ಮಾತಾಡಗೊಡಲಿಲ್ಲ.

"ಹೆಸರ ತಗೊಂಡ ಏನ್ ಮಾಡ್ತೀರಿ? ಈ ಗಡಗಡ ಕೇಳ್ರಿ! ಈ ಮಿಸ್ತ್ರಿ ಎಷ್ಟ ಸಲ ಬಿಗದ್ರೂ ತಗಡ ಕೂಡವಲ್ದು. ಎಲ್ಲಿ ಬಡೀತದ ಅಂಬೋದು ಅಂವನ ಕಿವಿಗೇ ಕೇಳಲಿ ಅಂತ ಎಳಕೊಂಡ ಹೊಂಟೀನಿ."

ಅವರಲ್ಲೊಬ್ಬ ಮುದುಕ ಕಿಟಕಿಗೆ ಬಂದು ನನ್ನನ್ನು ಕೇಳಿದ: "ಖರೇ ಏನ್ರಿ, ಅವ್ವಾ?"

ಸುಭಾನ ಒಬ್ಬನೇ ದಾರಿ ಹಿಡಿಯದಿರಲೆಂದೇ ಇಷ್ಟು ದಿನದ ತಕರಾರು, ಈ ಮಾತಿಗೆಂದೇ ಸಡಿಲಿಸಿದ ಬೋಲ್ಟು ಎಂದು ನನಗೆ ಆಗ ತಿಳಿಯಿತು. ಆದರೆ ಹೊಟ್ಟೆಯಲ್ಲಿದ್ದ ಸಿಟ್ಟು ಇನ್ನೂ ಬಿಸಿಬಿಸಿಯೇ ಇತ್ತು.

"ಖರೇ ಏನಂತ ಕೇಳ್ತೀಯೇನಪ್ಪ? ಇಬ್ಬರೂ ಕೂಡಿ ನನ್ನ ತಲಿ ತಿಂದು ಹಾಕ್ಯಾರ! ಉಣ್ಣಾಕ ಕರದ್ರ ತಗಡು, ಮಲಗಾಕ ಹೋದ್ರ ತಗಡು! ಬೇಕಾದ್ರ ಇಬ್ಬರನ್ನೂ ನೀವೇ ಇಟಗೊಳ್ರಿ, ನಾ ತವರಿಗೆ ಹೋಗ್ತೇನಿ!"

ಗುಂಪು ಹೋ ಎಂದು ನಕ್ಕಿತು. "ಹೋಗ್ರಿ ಸಾವಕಾರ್ರೆ, ನಿಮ್ಮ ಕಷ್ಟ ನಿಮಗ," ಎಂದು ದಾರಿ ಬಿಟ್ಟರು.

ಒಂದು ಊರು ದಾಟಿದ ಮೇಲೆ ಮೋಟಾರು ನಿಂತಿತು. ಸುಭಾನ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಮ್ಮವರು ನೀರಿನ ತಂಬಿಗೆ ಅವನ ಮುಂದೆ ಹಿಡಿದರು.

"ನನಗ ಮೊದಲೇ ಹೇಳಬಾರದಿತ್ತೇನ್ರಿ?" ಎಂದೆ.

"ಹೇಳಿದ್ರ," ಎಂದರು, "ನೀ ಹಿಂಗ ಬೈತಿದ್ದಿಯೇನು?"