ಗೋಡೆಯಾಚೆಯ ಹುಡುಗಿಯರು

ಹದಿಹರೆಯದವರಿಗಾಗಿ ಕಾದಂಬರಿ ಬರೆಯುವವರಿಗೆ ಒಂದು ಅಳುಕು ಇದ್ದೇ ಇರುತ್ತದೆ: ಪಾತ್ರಕ್ಕೆ ಹದಿನೈದು, ಅದರ ಮಾತಿಗೆ ಮಾತ್ರ ಐವತ್ತು ಆಗಿಬಿಟ್ಟರೆ? ಈ ಲೇಖಕಿಗೆ ಆ ಅಳುಕಿರಲಿಲ್ಲ. ಅವಳು ಬರೆಯುವ ಕೋಣೆಗೂ ಮಗಳ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಆಚೆ ಸೀನಿದರೆ ಈಚೆ ಕೇಳುತ್ತಿತ್ತು.

ಮಗಳನ್ನು ಮನೆಯಲ್ಲಿ ಕರೆಯುವುದೇ ಪಿಟೀಲು ಎಂದು. ಎಳೆಗೂಸಾಗಿದ್ದಾಗ ಅವಳು ಅಳುತ್ತಿದ್ದ ರಾಗ ಹಾಗಿತ್ತು. ಅವಳ ಜೀವದ ಗೆಳತಿ ಕಂಬ. ಇಡೀ ತರಗತಿಯಲ್ಲಿ ಅವಳಷ್ಟು ಎತ್ತರದವರಿಲ್ಲ. ಶಾಲೆ ಬಿಟ್ಟ ಮೇಲೆ ಇಬ್ಬರೂ ಮಂಚದ ಮೇಲೆ ಕಾಲು ಚಾಚಿ ಹರಟೆಗೆ ಕೂತರೆ, ಈಚೆ ಲೇಖಕಿಯ ಕಿವಿ ನೆಟ್ಟಗಾಗುತ್ತಿತ್ತು. ಕದ್ದು ಕೇಳುತ್ತಿದ್ದೇನೆ ಅಂತ ಅವಳಿಗೆ ಅನಿಸಿದ್ದೇ ಇಲ್ಲ. ತಾನಾಗಿ ಕಿವಿಗೆ ಬಿದ್ದ ಮಾತಿಗೆ ತಾನೇನು ಮಾಡಲಿ ಅನ್ನುವುದು ಅವಳ ಸಮಾಧಾನ.

ಹೋದ ಪುಸ್ತಕ ಹೊರಬಂದ ಮೇಲೆ ಕಂಬ ಬಹಳ ದಿನ ಈ ಮನೆಯ ಕಡೆ ತಲೆ ಹಾಕಿರಲಿಲ್ಲ. ಕೇಳಿದರೆ ಪಿಟೀಲು "ಅವಳಿಗೆ ಓದೋದಿದೆ" ಎಂದು ಮಾತು ತೇಲಿಸುತ್ತಿದ್ದಳು. ಈಗ ಕಂಬ ಮತ್ತೆ ಬರತೊಡಗಿದ್ದಳು. ಬಂದದ್ದೇ ಬಂದದ್ದು, ಗೋಡೆಯಾಚೆಯ ಮಾತಿಗೆ ಹಿಂದೆಂದೂ ಇಲ್ಲದ ರಂಗು ಬಂತು. ನಾಲ್ಕು ಜನರೆದುರು ಅವಮಾನವಾದರೆ 'ಸುಣ್ಣವಾದೆ' ಅನ್ನುತ್ತಿದ್ದರು. ಗೆಳತಿಯನ್ನು ಉಳಿಸಲು ಸುಳ್ಳು ಹೇಳಿದರೆ 'ಕೊಡೆ ಹಿಡಿದೆ'. ಲೇಖಕಿ ಎರಡನ್ನೂ ಎತ್ತಿಕೊಂಡು ಹೊಸ ಕಾದಂಬರಿಗೆ ಹಾಕಿದಳು. ಸಂಪಾದಕರು ಫೋನಿನಲ್ಲೇ ಕುಣಿದಾಡಿದರು. "ಇಂಥ ಮಾತು ಎಲ್ಲಿಂದ ತರ್ತೀರಿ ಮೇಡಂ? ಈಗಿನ ಮಕ್ಕಳು ನಿಮ್ಮ ಪೆನ್ನಿನ ತುದೀಲಿ ಕೂತಿದ್ದಾರೆ ನೋಡಿ!"

ಅಚ್ಚಿಗೆ ಹೋಗುವ ಮುಂಚೆ ಒಂದು ಅಧ್ಯಾಯವನ್ನು ಗ್ರಂಥಾಲಯದಲ್ಲಿ ಮಕ್ಕಳಿಗೆ ಓದಿ ಹೇಳುವುದು ಅವಳ ರೂಢಿ. ಆ ಸಲ ಮಗಳ ಶಾಲೆಯವರೇ ಹೆಚ್ಚಿದ್ದರು. ಹಿಂದಿನ ಸಾಲಿನಲ್ಲಿ ಪಿಟೀಲು, ಪಕ್ಕದಲ್ಲಿ ಕಂಬ. ಲೇಖಕಿ ಹುರುಪಿನಿಂದ ಓದಿದಳು. 'ಸುಣ್ಣವಾದೆ' ಬಂದಾಗ ನಗು ಬರಲೆಂದು ಒಂದು ಕ್ಷಣ ತಡೆದಳು. ಯಾರೂ ನಗಲಿಲ್ಲ. 'ಕೊಡೆ ಹಿಡಿದೆ' ಬಂದಾಗ ಮುಂದಿನ ಸಾಲಿನ ಕನ್ನಡಕದ ಹುಡುಗಿ ಕೈ ಎತ್ತಿದಳು.

"ಮೇಡಂ, ಹಾಗಂದ್ರೇನು?"

"ನೀವೆಲ್ಲ ಆಡ್ತೀರಲ್ಲಮ್ಮ."

"ಇಲ್ಲ ಮೇಡಂ. ನಾನು ಇವತ್ತೇ ಕೇಳಿದ್ದು." ಅಕ್ಕಪಕ್ಕದವರೂ ತಲೆಯಾಡಿಸಿದರು.

ಲೇಖಕಿ ಹಿಂದಿನ ಸಾಲಿಗೆ ನೋಡಿದಳು. ಕಂಬ ಕೂತಲ್ಲಿಂದ ಎದ್ದಿದ್ದಳು. ಪಿಟೀಲಿನ ಕೈಯನ್ನು ಗಟ್ಟಿಯಾಗಿ ಹಿಡಿದು ಏನೋ ಪಿಸುಗುಟ್ಟಿದಳು. ಪಿಟೀಲಿನ ಮುಖದಲ್ಲಿ ಗೆದ್ದವರ ಕಳೆಯಿತ್ತು.

ಲೇಖಕಿಗೆ ಮೈಯೆಲ್ಲ ಉರಿಯಿತು. ಇಬ್ಬರೂ ಸೇರಿ ತನ್ನನ್ನು ಹಾಸ್ಯದ ವಸ್ತು ಮಾಡಿದ್ದಾರೆ! ಈ ಬುದ್ಧಿ ಹೇಳಿಕೊಟ್ಟವರು ಯಾರು? ದಾರಿಯುದ್ದಕ್ಕೂ ಒಬ್ಬೊಬ್ಬರ ಮೇಲೂ ಅನುಮಾನ ಹರಿಯಿತು. ತನ್ನ ಪುಸ್ತಕ ಕಂಡರಾಗದ ಭಾಷಾ ಶಿಕ್ಷಕಿಯೋ? ಸದಾ ಚುಚ್ಚಿ ಮಾತಾಡುವ ನಾದಿನಿಯೋ? ನೆಟ್ಟಗೆ ಗಂಡನ ಕನ್ನಡಕದಂಗಡಿಗೆ ನುಗ್ಗಿದಳು.

"ರೀ, ನಿಮ್ಮ ಮಗಳು ಬೇಕಂತಲೇ ಸುಳ್ಳು ಮಾತು ಆಡಿ ನನ್ನ ಕುಣಿಸಿದಾಳೆ. ನಿಮಗೆ ಮೊದಲೇ ಗೊತ್ತಿತ್ತಾ?"

ಅವನು ಗಾಜು ಒರೆಸುತ್ತಿದ್ದವನು ತಲೆ ಎತ್ತಲಿಲ್ಲ. "ನನಗೇನು ಗೊತ್ತು? ಆದರೆ ನಿನ್ನ ಕುಣಿಸಬೇಕಾದರೆ, ನೀನು ಕೇಳಿಸ್ಕೊಳ್ತೀಯ ಅಂತ ಅವಳಿಗೆ ಮೊದಲೇ ಗೊತ್ತಿರಬೇಕಲ್ಲ?"

ಲೇಖಕಿಗೆ ಅನುಮಾನವೆಲ್ಲ ಊರು ಸುತ್ತಿ ತನ್ನ ಕಡೆಗೇ ತಿರುಗಿದಂತಾಯಿತು.

ಮನೆಗೆ ಬಂದಾಗ ಪಿಟೀಲು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಸೇಬು ಕಚ್ಚುತ್ತಿದ್ದಳು.

"ಯಾಕೆ ಹೀಗೆ ಮಾಡಿದೆ?"

"ಅಮ್ಮ, ನಾವು ಮಾತಿಗೆ ಕೂತ ಕೂಡಲೇ ಆಚೆ ನಿನ್ನ ಕೀಬೋರ್ಡ್ ಗಪ್‌ಚುಪ್ ಆಗುತ್ತೆ. ನಾವು ಸುಮ್ಮನಾದರೆ ಮತ್ತೆ ಟಕಟಕ. ನನಗೆ ಎಷ್ಟೋ ದಿನದಿಂದ ಗೊತ್ತು."

"ಅದಕ್ಕೆ ನಾಲ್ಕು ಜನರ ಮುಂದೆ ನನ್ನ ಮಾನ ತೆಗೀಬೇಕಾ?"

"ನಿನ್ನ ಮಾನಕ್ಕಲ್ಲ, ನನ್ನ ಮಾನಕ್ಕೆ." ಹುಡುಗಿ ಸೇಬನ್ನು ಕೆಳಗಿಟ್ಟಳು. "ಹೋದ ಪುಸ್ತಕದಲ್ಲಿ ಒಬ್ಬ ಅಪ್ಪ ಜಗಳ ಆಡ್ಕೊಂಡು ಹೋಗಿ ಅಂಗಡೀಲೇ ಮಲಗ್ತಾನಲ್ಲ, ಬೆಳಗ್ಗೆ ಮಗಳಿಗೆ ಕಾಣಬಾರದು ಅಂತ ಹಾಸಿಗೆ ಬಚ್ಚಿಡ್ತಾನಲ್ಲ, ಅವನು ಯಾರು?"

ವಿಮರ್ಶಕರೆಲ್ಲ ಮೆಚ್ಚಿದ ಪುಟ ಅದು.

"ಕಂಬ ಅದನ್ನ ಹೇಳಿದ್ದು ನನಗೊಬ್ಬಳಿಗೆ. ಕಂಬನ ಅಪ್ಪಂಗೂ ಅಂಗಡಿ ಇದೆ, ಪುಸ್ತಕದ ಹುಡುಗೀನೂ ಅವಳಷ್ಟೇ ಎತ್ತರ; ಪುಸ್ತಕ ಬಂದ ಮೇಲೆ ಕ್ಲಾಸಲ್ಲಿ ಎಲ್ಲರೂ ಅವಳ ಕಡೆ ತಿರುಗಿ ನೋಡಿದರು. ನಾನೇ ನಿನಗೆ ಊದಿದೆ ಅಂದ್ಕೊಂಡು ಅವಳು ನನ್ನ ಜೊತೆ ಮಾತು ಬಿಟ್ಟಳು. ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಕೊನೆಗೆ ನಾನೇ ಹೇಳಿದೆ: ಎಲ್ಲೂ ಇಲ್ಲದ ಎರಡು ಮಾತು ಹುಟ್ಟಿಸೋಣ, ನನ್ನ ರೂಮಲ್ಲಿ ಬಿಟ್ಟು ಇನ್ನೆಲ್ಲೂ ಆಡೋದು ಬೇಡ, ನಾನು ಊದಿದರೆ ಅದು ಹುಟ್ಟಿಸಿದ ಮಾತು ಅಂತ ಅಮ್ಮನಿಗೆ ಗೊತ್ತಾಗುತ್ತೆ, ಪುಸ್ತಕಕ್ಕೆ ಹಾಕಲ್ಲ. ಅದು ಪುಸ್ತಕಕ್ಕೆ ಬಂದರೆ ಗೋಡೆಯಿಂದಲೇ ಕೇಳಿದ್ದು ಅಂತ ನಂಬ್ತೀಯಾ ಅಂತ. ಇವತ್ತು ನಂಬಿದಳು."

ಗಿಡದಿಂದ ಕಾಯಿ ಕಿತ್ತಷ್ಟು ಸಲೀಸಾಗಿ ಆ ಪುಟವನ್ನು ತಾನು ಕಿತ್ತದ್ದು ಲೇಖಕಿಗೆ ನೆನಪಾಯಿತು. ಆ ದಿನ ಗೋಡೆಯಾಚೆ ಕಂಬ ಬಿಕ್ಕುತ್ತಿದ್ದಳು. ಈಚೆ ತಾನು 'ಹಾಸಿಗೆ ಬಚ್ಚಿಡುವುದು ಒಳ್ಳೆಯ ವಿವರ' ಎಂದು ಹಿಗ್ಗಿದ್ದಳು.

ಮರುದಿನ ಅವಳು ಕಂಬನ ಮನೆಗೆ ಹೋದಳು. ಬಾಗಿಲು ತೆರೆದ ಹುಡುಗಿ ಒಳಗೆ ಕರೆಯಲಿಲ್ಲ.

"ನನ್ನಿಂದ ತಪ್ಪಾಯ್ತಮ್ಮ. ಪಿಟೀಲು ಒಂದಕ್ಷರ ಹೇಳಿರಲಿಲ್ಲ."

"ಅದು ಗೊತ್ತಾಯ್ತು ಆಂಟಿ," ಎಂದಳು ಕಂಬ. ಬಾಗಿಲನ್ನು ಹಿಡಿದೇ, "ಇವತ್ತು ನೀವು ಬಂದಿದ್ದೂ ಕತೆ ಆಗುತ್ತಾ?" ಎಂದಳು.

"ಇಲ್ಲ."

ಹುಡುಗಿ ಸರಿ ಎನ್ನುವಂತೆ ತಲೆಯಾಡಿಸಿದಳೇ ಹೊರತು, ಅವಳ ಕಣ್ಣು ನಂಬಲಿಲ್ಲ.

ಆ ಅಧ್ಯಾಯವನ್ನೂ, ಅದಕ್ಕೆ ಅಂಟಿಕೊಂಡಿದ್ದ ಇನ್ನಷ್ಟನ್ನೂ ತೆಗೆಯುತ್ತೇನೆಂದಾಗ ಸಂಪಾದಕರು ಹೌಹಾರಿದರು. "ಅದೇ ಪುಸ್ತಕದ ಜೀವ ಮೇಡಂ! ಬೇರೆ ಪ್ರಕಾಶಕರು ಯಾರಾದರೂ ತಲೆ ಕೆಡಿಸಿದ್ದಾರಾ?" ಇಲ್ಲವೆಂದರೂ ಅವರ ಸಂಶಯ ಹೋಗಲಿಲ್ಲ. ಪುಸ್ತಕ ಆ ವರ್ಷ ಬರಲಿಲ್ಲ. ಲೇಖಕಿ ಮೇಜನ್ನು ಗಂಡನ ಅಂಗಡಿಯ ಹಿಂದಿನ ಕೋಣೆಗೆ ಸಾಗಿಸಿದಳು. ಅಲ್ಲಿ ಗಾಜು ಉಜ್ಜುವ ಯಂತ್ರದ ಗೊರಗೊರ ಬಿಟ್ಟರೆ ಬೇರೆ ಸದ್ದಿಲ್ಲ. ವಾರಗಟ್ಟಲೆ ಒಂದು ಸಾಲೂ ಹುಟ್ಟಲಿಲ್ಲ. ಹುಟ್ಟಿದ್ದೂ ಸೊಟ್ಟ. ಬೇರೆ ದಾರಿ ಕಾಣದೆ, ತನ್ನ ಹದಿನೈದನೆಯ ವಯಸ್ಸಿನ ಕಡೆಗೆ ಕಷ್ಟಪಟ್ಟು ನಡೆದಳು. ಅಕ್ಕನ ಮದುವೆ ಮುರಿದದ್ದು, ತಾನು ಖುಷಿಪಟ್ಟದ್ದು, ಅದನ್ನು ಯಾರಿಗೂ ಹೇಳದೆ ಉಳಿದದ್ದು.

ಮೊದಲ ಭಾಗ ಮುಗಿದಾಗ ಹಾಳೆಗಳನ್ನು ಮಗಳ ಕೈಗಿಟ್ಟಳು. ಪಿಟೀಲು ನಿಂತಲ್ಲೇ ಓದತೊಡಗಿ, ನಡುವೆ ಹುಬ್ಬು ಗಂಟಿಕ್ಕಿದಳು.

"ಇದು ಯಾರದು?"

"ನಂದು. ನಿನ್ನ ದೊಡ್ಡಮ್ಮನ ಹತ್ತಿರ ಹೋಗಿ ಓದಿ ಹೇಳಿದೆ. ಅವಳು ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಬರಿ ಅಂದಳು."

"ನಾನು ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳ್ತೀನಿ."

"ಕೇಳು."

ಪಿಟೀಲು ನಿಜವಾಗಿಯೂ ಫೋನ್ ಮಾಡಿದಳು. ಮಾತಾಡಿ ಮುಗಿಸಿ ಬಂದು, ತಾಯಿಯ ಎದುರಿನ ಕುರ್ಚಿಯಲ್ಲಿ ಕೂತು ಮುಂದಿನ ಪುಟ ತಿರುಗಿಸಿದಳು.